ಹದಿನೈದು ನಿಮಿಷದಲ್ಲಿ ಮಗುವಿನ ಮಾತನ್ನು ಅಳೆಯಬಹುದೇ?

ಪ್ರಶ್ನೆ: ನನ್ನ ಮಗನಿಗೆ 3 ವರ್ಷ 4 ತಿಂಗಳು. ಇಪ್ಪತ್ತು–ಇಪ್ಪತ್ತೈದು ಪದಗಳನ್ನಷ್ಟೇ ಹೇಳುತ್ತಾನೆ. ಅವು ಮನೆಯವರಿಗೆ ಬಿಟ್ಟರೆ ಹೊರಗಿನವರಿಗೆ ತಿಳಿಯುವುದಿಲ್ಲ. ಕರೆದರೆ ತಿರುಗಿ ನೋಡುತ್ತಾನೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನೆ, ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ. ನಾನೂ ನನ್ನ ಗಂಡನೂ ಕನ್ನಡ ಮಾತನಾಡುತ್ತೇವೆ, ಅತ್ತೆಯವರು ಅವನೊಂದಿಗೆ ಮರಾಠಿ ಮಾತನಾಡುತ್ತಾರೆ, ಶಿಶುವಿಹಾರದಲ್ಲಿ ಇಂಗ್ಲಿಷ್. "ಅವರಪ್ಪನೂ ತಡವಾಗಿಯೇ ಮಾತು ಕಲಿತದ್ದು, ಬಜೆ ತೇಯ್ದು ನೆಕ್ಕಿಸಿದರೆ ಸರಿಹೋಗುತ್ತದೆ" ಎನ್ನುವುದು ಅತ್ತೆಯವರ ಮಾತು. ಒಂದು ಕಡೆ ತೋರಿಸಿದೆವು. ಇಂಗ್ಲಿಷ್ ಚಿತ್ರಪುಸ್ತಕ ತೋರಿಸಿ, ಹದಿನೈದು ನಿಮಿಷದಲ್ಲಿ "ಭಾಷಾ ವಯಸ್ಸು 1 ವರ್ಷ 8 ತಿಂಗಳು" ಎಂದು ಬರೆದುಕೊಟ್ಟರು. ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಬಳಸಿ ಎಂದರು. ಕಿವಿ ಪರೀಕ್ಷೆಯ ಮಾತೇ ಬರಲಿಲ್ಲ. ಈ ವರದಿಯನ್ನು ನಂಬಬಹುದೇ? ಸರಿಯಾದ ತಪಾಸಣೆ ಹೇಗಿರುತ್ತದೆ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಕಿವಿ ಪರೀಕ್ಷೆಯ ಮಾತೇ ಬರಲಿಲ್ಲ ಎಂದಿದ್ದೀರಿ. ಅಲ್ಲಿಂದಲೇ ಶುರು ಮಾಡುತ್ತೇನೆ. ಮಾತು ತಡವಾದ ಯಾವ ಮಗುವಿನ ತಪಾಸಣೆಯೂ ಕಿವಿಯಿಂದಲೇ ಆರಂಭವಾಗಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಆ ವರದಿಯನ್ನು ನಾನು ಒಪ್ಪದಿರುವುದಕ್ಕೆ ಮೊದಲ ಕಾರಣ ಇದು. ಇಂಗ್ಲಿಷ್ ಚಿತ್ರಗಳು ಎರಡನೆಯ ಕಾರಣ.

ಹಾಗೆಂದು ನಿಮ್ಮ ಮಗನಿಗೆ ತೊಂದರೆಯೇ ಇಲ್ಲವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ. ಎರಡು ವರ್ಷ ತುಂಬುವ ಹೊತ್ತಿಗೆ ಐವತ್ತರಷ್ಟು ಪದಗಳಿಲ್ಲದಿದ್ದರೆ, ಎರಡೆರಡು ಪದಗಳನ್ನು ಕೂಡಿಸಿ ಹೇಳದಿದ್ದರೆ ತಜ್ಞರಿಗೆ ತೋರಿಸಿ ಎನ್ನುತ್ತೇವೆ. ನಿಮ್ಮ ಮಗ ಆ ವಯಸ್ಸನ್ನು ದಾಟಿ ಹದಿನಾರು ತಿಂಗಳಾಗಿದೆ. ತಡವಾಗಿ ಮಾತು ಕಲಿಯುವ ಎರಡು ವರ್ಷದ ಮಕ್ಕಳಲ್ಲಿ ಅನೇಕರು ಮುಂದೆ ತಾವಾಗಿಯೇ ಸರಿಹೋಗುತ್ತಾರೆ ಎಂಬುದು ನಿಜ. ಆದರೆ ಮೂರು ದಾಟಿದ ಮೇಲೂ ಇಷ್ಟು ಹಿಂದೆ ಇರುವ ಮಗುವನ್ನು ಆ ಭರವಸೆಯ ಮೇಲೆ ಬಿಡಲಾಗದು. ತಂದೆಯೂ ತಡವಾಗಿ ಮಾತನಾಡಿದ್ದರೆಂಬ ನಿಮ್ಮ ಅತ್ತೆಯವರ ಮಾತನ್ನು ನಾನು ಸಮಾಧಾನವೆಂದು ತೆಗೆದುಕೊಳ್ಳುವುದಿಲ್ಲ, ಮಾಹಿತಿಯೆಂದು ತೆಗೆದುಕೊಳ್ಳುತ್ತೇನೆ. ಭಾಷೆಯ ತೊಂದರೆ ಕುಟುಂಬಗಳಲ್ಲಿ ಹರಿದು ಬರುವುದುಂಟು. ಆ ವಿಷಯವನ್ನು ತಪಾಸಣೆಯಲ್ಲಿ ತಪ್ಪದೆ ಹೇಳಿ.

ಈಗ ಕಿವಿ. "ಚೆನ್ನಾಗಿ ಕೇಳಿಸುತ್ತದೆ, ತಟ್ಟೆ ಬಿದ್ದರೆ ಬೆಚ್ಚಿಬೀಳುತ್ತಾನೆ" ಎಂದು ಹೆತ್ತವರು ನಂಬಿಕೆಯಿಂದ ಹೇಳುತ್ತಾರೆ. ಸ್ಟೀಲ್ ತಟ್ಟೆ ಬಿದ್ದ ಸದ್ದು ಅರೆಬರೆ ಕೇಳುವ ಕಿವಿಗೂ ಮುಟ್ಟುತ್ತದೆ. ಮಾತು ಅಷ್ಟು ದೊಡ್ಡದಲ್ಲ. ಅದರಲ್ಲೂ ಆ, ಓ ಮುಂತಾದ ಸ್ವರಗಳಿಗೆ ಬಲ ಹೆಚ್ಚು. ಸ, ಶ ಅಕ್ಷರಗಳ ಸದ್ದು ತೆಳು, ಎತ್ತರದ ಶ್ರುತಿಯದು. ಎತ್ತರದ ಶ್ರುತಿಗಳಷ್ಟೇ ಕೇಳಿಸದ ಮಗು ಹೆಸರು ಹಿಡಿದು ಕರೆದರೆ ತಿರುಗುತ್ತದೆ, ಆದರೆ "ಸೂಜಿ" ಎಂಬ ಪದದಲ್ಲಿ ಅದರ ಕಿವಿಗೆ ಬೀಳುವುದು ಬರಿಯ "ಊ…ಇ". ಇನ್ನು ಕೆಲವು ಮಕ್ಕಳಿಗೆ ನೆಗಡಿಯಾದಾಗಲೆಲ್ಲ ಕಿವಿಯ ತಮಟೆಯ ಹಿಂದೆ ನೀರು ನಿಲ್ಲುತ್ತದೆ. ಅಂಥ ಮಗುವಿಗೆ ಈ ವಾರ ಸ್ಪಷ್ಟ, ಮುಂದಿನ ವಾರ ಮಂದ. ಮನೆಯವರು ಅದನ್ನು "ಬೇಕೆಂದೇ ಕೇಳಿಸಿಕೊಳ್ಳುವುದಿಲ್ಲ" ಎಂದುಕೊಳ್ಳುತ್ತಾರೆ.

ನಿಮ್ಮ ಮಗನ ವಯಸ್ಸಿಗೆ ಹೊಂದುವ ಪರೀಕ್ಷೆಗಳಿವೆ. ತಮಟೆಯ ಹಿಂದೆ ನೀರಿದೆಯೇ ಎಂಬುದನ್ನು ಟಿಂಪನೊಮೆಟ್ರಿ ಕೆಲವೇ ಕ್ಷಣಗಳಲ್ಲಿ ಹೇಳುತ್ತದೆ. ಒಎಇ ಪರೀಕ್ಷೆ ಒಳಕಿವಿಯ ಕೂದಲುಕೋಶಗಳ ಸ್ಥಿತಿಯನ್ನು ತಿಳಿಸುತ್ತದೆ. ಬೇರಾ ಪರೀಕ್ಷೆ ಕಿವಿಯಿಂದ ಮಿದುಳುಕಾಂಡದವರೆಗೆ ನರದ ದಾರಿ ಸರಿಯಿದೆಯೇ ಎಂದು ನೋಡುತ್ತದೆ; ಮಗು ನಿದ್ದೆಯಲ್ಲಿರುವಾಗ ಹಣೆಗೆ, ಕಿವಿಯ ಬಳಿ ಸಣ್ಣ ವಿದ್ಯುದ್ವಾರಗಳನ್ನು ಅಂಟಿಸಿ ಮಾಡುತ್ತಾರೆ, ನೋವಿಲ್ಲ. ಒಎಇ ಸರಿಯಿದ್ದ ಮಾತ್ರಕ್ಕೆ ನರವೂ ಸರಿಯಿದೆ ಎಂದು ಮುಗಿಸುವಂತಿಲ್ಲ. ಆದ್ದರಿಂದ ಅನುಮಾನವಿದ್ದರೆ ಎರಡೂ ಬೇಕು. ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಆಟದ ಮೂಲಕ ಮಾಡುವ ಶ್ರವಣ ಪರೀಕ್ಷೆ. ಮಗು ಒಂದು ಮಣಿಯನ್ನು ಕೆನ್ನೆಗೆ ಒತ್ತಿಕೊಂಡು ಕಾಯುತ್ತದೆ, "ಪೀಂ" ಎಂಬ ಸದ್ದು ಕೇಳಿದೊಡನೆ ಡಬ್ಬಿಗೆ ಹಾಕುತ್ತದೆ. ಸದ್ದನ್ನು ಕುಗ್ಗಿಸುತ್ತಾ ಹೋದರೆ ಯಾವ ಶ್ರುತಿ ಎಷ್ಟು ಸಣ್ಣದಾದರೂ ಕೇಳುತ್ತದೆ ಎಂಬುದು ಮಗುವಿನ ಕೈಯಿಂದಲೇ ತಿಳಿಯುತ್ತದೆ. ಮೂರು ದಾಟಿದ ಬಹುಪಾಲು ಮಕ್ಕಳು ಸ್ವಲ್ಪ ಅಭ್ಯಾಸ ಕೊಟ್ಟರೆ ಇದನ್ನು ಮಾಡುತ್ತಾರೆ.

ಕಿವಿ ಸರಿಯಿದೆ ಎಂದಾದ ಮೇಲೆ ಮಾತಿನ ಸರದಿ. "ಹೇಳಿದ್ದೆಲ್ಲ ಅರ್ಥವಾಗುತ್ತದೆ" ಎಂದು ಬರೆದಿದ್ದೀರಿ. ಈ ಮಾತನ್ನು ನಾನು ಪ್ರತಿ ವಾರ ಕೇಳುತ್ತೇನೆ, ಪ್ರತಿ ಸಲವೂ ಪರೀಕ್ಷಿಸಿಯೇ ನೋಡುತ್ತೇನೆ. ಏಕೆಂದರೆ ನಾವು ಮಕ್ಕಳೊಂದಿಗೆ ಬಾಯಿಯಿಂದ ಮಾತ್ರ ಮಾತನಾಡುವುದಿಲ್ಲ. "ತಟ್ಟೆ ಕೊಡು" ಎನ್ನುವಾಗ ಕೈ ಚಾಚಿರುತ್ತೇವೆ, ಕಣ್ಣು ತಟ್ಟೆಯ ಮೇಲಿರುತ್ತದೆ, ಅದು ಊಟದ ಹೊತ್ತೂ ಆಗಿರುತ್ತದೆ. ಮಗು ಕೈಯನ್ನು, ಕಣ್ಣನ್ನು, ಹೊತ್ತನ್ನು ಓದಿ ತಟ್ಟೆ ಕೊಡುತ್ತದೆ. ಅದು ಜಾಣತನವೇ ಹೌದು, ಆದರೆ ಪದ ಅರ್ಥವಾಯಿತು ಎಂಬುದಕ್ಕೆ ಸಾಕ್ಷಿಯಲ್ಲ.

ಆದ್ದರಿಂದ ನಾನು ಚಾಪೆಯ ಮೇಲೆ ಕುಳಿತು ಲೋಟ, ಚಮಚ, ಚೆಂಡು, ಬಾಚಣಿಗೆ, ಆಟದ ಹಸು ಇಷ್ಟನ್ನು ಮುಂದೆ ಹರಡುತ್ತೇನೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ, ನೋಟ ಮಗುವಿನ ಮುಖದ ಮೇಲಷ್ಟೇ. "ಹಸುವನ್ನು ಕೊಡು." ಕೊಟ್ಟರೆ, "ಚಮಚವನ್ನು ಲೋಟದೊಳಗೆ ಹಾಕು." ಆಮೇಲೆ "ಚೆಂಡನ್ನು ಲೋಟದ ಕೆಳಗೆ ಇಡು." ಲೋಟ ಕಂಡರೆ ಅದರೊಳಗೆ ಹಾಕುವುದು ಯಾವ ಮಗುವಿಗಾದರೂ ಸಹಜ; "ಕೆಳಗೆ" ಎಂದಾಗ ಲೋಟವನ್ನು ಎತ್ತಿದರೆ ಮಾತ್ರ ಅದು ಪದವನ್ನು ಕೇಳಿ ಮಾಡಿದ ಕೆಲಸ. ಕೊನೆಗೆ ಅಸಂಬದ್ಧವಾದದ್ದೊಂದನ್ನು ಕೇಳುತ್ತೇನೆ: "ಹಸುವಿಗೆ ತಲೆ ಬಾಚು." ದಿನನಿತ್ಯದ ರೂಢಿಯಿಂದ ಊಹಿಸಲಾಗದ ಮಾತು ಇದು. ನಕ್ಕು ಬಾಚಣಿಗೆಯನ್ನು ಹಸುವಿನ ಕೊಂಬಿಗೆ ತಗುಲಿಸಿದ ಮಗು ನನ್ನ ಅರ್ಧ ಚಿಂತೆಯನ್ನು ಕಳೆಯುತ್ತದೆ. ಮುಖ ಮುಖ ನೋಡುತ್ತಾ ಕೈಗೆ ಸಿಕ್ಕಿದ್ದನ್ನು ಕೊಡುವ ಮಗುವಿಗೆ ಬೇರೆಯೇ ರೀತಿಯ ನೆರವು ಬೇಕಾಗುತ್ತದೆ. ಆಡುವ ಮಾತು ಮಾತ್ರ ಹಿಂದುಳಿದಿರುವುದಕ್ಕೂ ಅರ್ಥವಾಗುವುದೂ ಹಿಂದುಳಿದಿರುವುದಕ್ಕೂ ಅಂತರ ದೊಡ್ಡದು. ಎರಡನೆಯದು ಹೆಚ್ಚು ಕಾಲ ಕಾಡುವ ತೊಂದರೆ. ಎರಡನ್ನೂ ಸೇರಿಸಿ ಒಂದೇ "ಭಾಷಾ ವಯಸ್ಸು" ಬರೆದುಕೊಟ್ಟ ಕಾಗದ ಈ ಅಂತರವನ್ನೇ ಅಳಿಸಿಹಾಕಿದೆ.

ಇನ್ನು ಆಡುವ ಮಾತನ್ನು ಅಳೆಯುವ ಬಗೆ. ಇಲ್ಲಿ ಕನ್ನಡದ ಅಳತೆಗೋಲೇ ಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಮೂರು ವರ್ಷದ ಮಗು ಮೂರು ಪದಗಳ ವಾಕ್ಯ ಹೇಳಬೇಕು ಎಂದು ಎಲ್ಲೆಡೆ ಓದುತ್ತೀರಿ. ಅದು ಇಂಗ್ಲಿಷ್ ಮಕ್ಕಳನ್ನು ನೋಡಿ ಹಾಕಿದ ಲೆಕ್ಕ. ನಮ್ಮ ಮಗು "ಅಜ್ಜಿಮನೆಗೆ ಹೋಗೋಣ" ಎಂದರೆ ಎಣಿಕೆಗೆ ಎರಡೇ ಪದ. ಆದರೆ ಅದರಲ್ಲಿ ಅಜ್ಜಿ ಇದ್ದಾಳೆ, ಮನೆ ಇದೆ, ಎಲ್ಲಿಗೆ ಎಂಬುದನ್ನು ಹೇಳುವ "ಗೆ" ಇದೆ, ಹೋಗುವ ಕ್ರಿಯೆ ಇದೆ, ನಾವಿಬ್ಬರೂ ಕೂಡಿ ಎಂಬ ಆಸೆ ಇದೆ. ಇಂಗ್ಲಿಷಿನಲ್ಲಿ ಇಷ್ಟನ್ನೇ ಹೇಳಲು ಐದಾರು ಪದಗಳಾದರೂ ಬೇಕು. "ಬರುತ್ತಿದ್ದಾನೆ" ಎಂಬ ಒಂದು ಪದದಲ್ಲಿ ಬರುವುದು, ಈಗ ನಡೆಯುತ್ತಿರುವುದು, ಬರುವವನು ಗಂಡು, ಅವನು ಒಬ್ಬನೇ ಎಂಬ ನಾಲ್ಕು ಸಂಗತಿಗಳಿವೆ. ಕರ್ತೃವನ್ನು ಬಾಯಿಬಿಟ್ಟು ಹೇಳದಿದ್ದರೂ ಕನ್ನಡದಲ್ಲಿ ವಾಕ್ಯ ಪೂರ್ಣ. ಹೀಗಿರುವಾಗ ಪದಗಳನ್ನಷ್ಟೇ ಎಣಿಸಿದರೆ ಕನ್ನಡದ ಮಗುವಿಗೆ ಅನ್ಯಾಯವಾಗುತ್ತದೆ. ಎಣಿಸಬೇಕಾದದ್ದು ಪದದ ಬಾಲಕ್ಕೆ ಅಂಟಿರುವ ತುಣುಕುಗಳನ್ನು: ಗೆ, ಇಂದ, ಅಲ್ಲಿ, ಗಳು, ದ್ದಾನೆ, ದ್ದಾಳೆ.

ಇನ್ನೊಂದು ಕಿಟಕಿ ನಮ್ಮ "ಇಲ್ಲ"ಗಳದು. ಕನ್ನಡದ ಮಗು ನಿರಾಕರಿಸಲು "ಬೇಡ" ಕಲಿಯಬೇಕು, ಬಿಸ್ಕತ್ತು ಮುಗಿದಾಗ "ಇಲ್ಲ" ಕಲಿಯಬೇಕು, ನಾಯಿಯನ್ನು ಬೆಕ್ಕೆಂದು ತೋರಿಸಿದರೆ "ಅಲ್ಲ" ಎನ್ನುವುದನ್ನು ಕಲಿಯಬೇಕು. ನಾನು ಬೇಕೆಂದೇ ಹಸುವನ್ನು ಎತ್ತಿ "ಇದು ಆನೆ" ಎನ್ನುತ್ತೇನೆ. "ಅಲ್ಲ" ಎಂದು ತಿದ್ದುವ ಮಗು, ತಲೆಯಾಡಿಸಿ "ಇಲ್ಲ" ಎನ್ನುವ ಮಗು, ಸುಮ್ಮನೆ ನೋಡುವ ಮಗು: ಮೂವರೂ ಮೂರು ಮೆಟ್ಟಿಲುಗಳಲ್ಲಿ ನಿಂತಿರುತ್ತಾರೆ. ಇಂಗ್ಲಿಷ್ ಪರೀಕ್ಷೆಗೆ ಈ ಮೆಟ್ಟಿಲುಗಳು ಕಾಣುವುದೇ ಇಲ್ಲ.

ಇವನ್ನು ನೋಡಲು ಮಗುವಿನ ಸಹಜವಾದ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತೇವೆ. ಮಾತನಾಡುವ ಮಗುವಾದರೆ ಐವತ್ತರಿಂದ ನೂರು ಉಕ್ತಿಗಳು ಸಿಕ್ಕುವವರೆಗೆ ಆಟವಾಡಿಸಿ, ಆಮೇಲೆ ಒಂದೊಂದನ್ನೂ ಬರೆದು ಬಿಡಿಸುತ್ತೇವೆ. ಇಷ್ಟಕ್ಕೇ ಗಂಟೆಗಳು ಬೇಕು. ಹದಿನೈದು ನಿಮಿಷ ಸಾಲದು ಎನ್ನುವುದು ಅದಕ್ಕೇ.

ಸಿದ್ಧ ಪರೀಕ್ಷೆಗಳೂ ಬೇಕು, ಕನ್ನಡದಲ್ಲಿ ಅವು ಇಲ್ಲವೆಂದಲ್ಲ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿಂದ 1972ರಷ್ಟು ಹಿಂದೆಯೇ ಕನ್ನಡ ಉಚ್ಚಾರಣಾ ಪರೀಕ್ಷೆ ಬಂದಿದೆ. ಧ್ವನಿ, ವಾಕ್ಯರಚನೆ, ಅರ್ಥ ಮೂರನ್ನೂ ನೋಡುವ, ಪ್ರತಿಭಾ ಕಾರಂತ ಅವರು ರೂಪಿಸಿದ ಎಲ್‌ಪಿಟಿ ಪರೀಕ್ಷೆ ಇದೆ. ಅದು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಹೆಚ್ಚು ಹೊಂದುತ್ತದೆ. ಚಿಕ್ಕ ಮಕ್ಕಳಿಗೆ ತಾಯಿಯನ್ನು ಪ್ರಶ್ನಿಸಿ ತುಂಬುವ ಮಾಪಕಗಳಿವೆ. ಅಂಕ ಯಾವುದರಿಂದ ಬಂದರೂ ಅದನ್ನು ಚಾಪೆಯ ಮೇಲೆ ಕಂಡದ್ದರ ಜೊತೆಗಿಟ್ಟು ಓದಬೇಕು. ವಿದೇಶದ ಚಿತ್ರಪುಸ್ತಕದಲ್ಲಿ ಹಿಮದ ಬೊಂಬೆಯನ್ನೋ ಬ್ರೆಡ್ ಸುಡುವ ಯಂತ್ರವನ್ನೋ ತೋರಿಸಿ ಹೆಸರು ಕೇಳಿದರೆ, ಮಂಡಕ್ಕಿ, ಮೆಣಸಿನಕಾಯಿ, ಬೆಣ್ಣೆದೋಸೆಯ ನಡುವೆ ಬೆಳೆಯುತ್ತಿರುವ ದಾವಣಗೆರೆಯ ಮಗು ಏನು ಹೇಳೀತು?

ಎರಡು ಭಾಷೆಯ ಮನೆಯಲ್ಲಿ ಲೆಕ್ಕ ಹಾಕುವ ಕ್ರಮವೇ ಬೇರೆ. ನೀವು ಕೊಟ್ಟ ಇಪ್ಪತ್ತೈದರಲ್ಲಿ ಅಜ್ಜಿಯೊಂದಿಗೆ ಆಡುವ ಮರಾಠಿ ಪದಗಳು ಸೇರಿವೆಯೇ? ನಿಮ್ಮೊಂದಿಗೆ "ನೀರು", ಅಜ್ಜಿಯೊಂದಿಗೆ "ಪಾಣಿ" ಎಂದರೆ ಅವು ಎರಡು ಪದಗಳು. "ಗಾಡಿ"ಗೆ "ಗಾಗಾ" ಎನ್ನುತ್ತಿದ್ದು, ಪ್ರತಿ ಸಲವೂ ಗಾಡಿಗೇ ಹಾಗೆ ಹೇಳಿದರೆ ಅದೂ ಪದವೇ. ಹಾಲು, ನೀರು ಎರಡಕ್ಕೂ "ಮಮ್ಮು" ಎಂದರೆ ಅದು ಒಂದು. ಹೀಗೆ ಎಣಿಸಿದಾಗ ಇಪ್ಪತ್ತೈದು ಅರವತ್ತಾದದ್ದನ್ನು ನಾನು ನೋಡಿದ್ದೇನೆ.

ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಬಳಸಿ ಎಂಬ ಸಲಹೆ ನನಗೆ ನೋವು ತಂದಿತು. ಎರಡು ಭಾಷೆಗಳು ಕಿವಿಗೆ ಬೀಳುವುದರಿಂದ ಮಾತು ಕೆಡುವುದಿಲ್ಲ, ಭಾಷೆಯ ತೊಂದರೆ ಉಂಟಾಗುವುದೂ ಇಲ್ಲ. ತೊಂದರೆ ನಿಜವಾಗಿದ್ದರೆ ಅದು ಮಗು ಸಾಕಷ್ಟು ಕೇಳಿಸಿಕೊಂಡ ಎಲ್ಲ ಭಾಷೆಗಳಲ್ಲೂ ಕಾಣಿಸುತ್ತದೆ. ಕೇಳಿ ಸಾಲದ ಭಾಷೆಯಲ್ಲಿ ಮಾತ್ರ ಹಿಂದಿದ್ದರೆ ಅದು ತೊಂದರೆಯಲ್ಲ, ಅಭ್ಯಾಸದ ಕೊರತೆ. ಎರಡನ್ನೂ ಬೇರ್ಪಡಿಸಲು ಎರಡೂ ಭಾಷೆಗಳಲ್ಲಿ ನೋಡಲೇಬೇಕು. ಮಗು ಭಾಷೆ ಕಲಿಯುವುದು ತಡವರಿಸದೆ, ಹಾಡಿ, ಗದರಿ, ಮುದ್ದಿಸಿ ಆಡುವವರ ಬಾಯಿಂದ. ನೀವು ಯೋಚಿಸಿ ಯೋಚಿಸಿ ಇಂಗ್ಲಿಷ್ ಪದ ಹುಡುಕುತ್ತಾ ಕುಳಿತರೆ ಅವನಿಗೆ ಸಿಗುವ ಮಾತು ಅರ್ಧಕ್ಕಿಳಿಯುತ್ತದೆ. ಅಜ್ಜಿಯ ಬಾಯಿಯಂತೂ ಮುಚ್ಚಿಯೇ ಹೋಗುತ್ತದೆ. ದಯವಿಟ್ಟು ಆ ಸಲಹೆಯನ್ನು ಇಂದೇ ಬಿಡಿ.

ಯಾವುದು ಅಭ್ಯಾಸದ ಕೊರತೆ, ಯಾವುದು ಕಲಿಯುವ ಶಕ್ತಿಯದೇ ಕೊರತೆ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಮಗು ಕಂಡಿಲ್ಲದ ಆಟಿಕೆಯೊಂದಕ್ಕೆ "ಡೂಬಿ" ಎಂದು ಹೆಸರಿಡುತ್ತೇನೆ. ಡೂಬಿ ಮಲಗಿತು, ಡೂಬಿ ಬಿತ್ತು, ಡೂಬಿಗೆ ಮುತ್ತು ಕೊಡು ಎಂದು ಹತ್ತು ನಿಮಿಷ ಆಡಿಸುತ್ತೇನೆ. ಬೇರೆ ಕೆಲಸ ಮಾಡಿ, ಕಾಲು ಗಂಟೆಯ ಮೇಲೆ ನಾಲ್ಕು ಆಟಿಕೆಗಳ ನಡುವೆ ಇಟ್ಟು "ಡೂಬಿ ಎಲ್ಲಿ?" ಎನ್ನುತ್ತೇನೆ. ಈ ಮಗು ಇದುವರೆಗೆ ಎಷ್ಟು ಕಲಿತಿದೆ ಎಂಬುದಲ್ಲ, ಕಲಿಸಿದರೆ ಹೇಗೆ ಕಲಿಯುತ್ತದೆ ಎಂಬುದು ಇದರಲ್ಲಿ ಗೊತ್ತಾಗುತ್ತದೆ. ಮನೆಯ ಭಾಷೆ ಯಾವುದೇ ಇರಲಿ, ಡೂಬಿ ಎಲ್ಲರಿಗೂ ಹೊಸದೇ. ಸ್ವಲ್ಪ ದೊಡ್ಡ ಮಕ್ಕಳಿಗೆ "ಮಾಪುಟಿ", "ಗಾಡೆಲುಮಿ" ಎಂಬಂಥ ಅರ್ಥವಿಲ್ಲದ ಪದಗಳನ್ನು ಕೊಟ್ಟು ಹಾಗೆಯೇ ಹೇಳಿಸುತ್ತೇವೆ. ಭಾಷೆಯ ತೊಂದರೆ ಇರುವ ಅನೇಕ ಮಕ್ಕಳು ಪದ ಉದ್ದವಾದಂತೆ ಎಡವುತ್ತಾರೆ.

ಹೊರಗಿನವರಿಗೆ ತಿಳಿಯುವುದಿಲ್ಲ ಎಂದಿರಿ. ಅದು ಉಚ್ಚಾರಣೆಯ ಪ್ರಶ್ನೆ, ಭಾಷೆಯ ಪ್ರಶ್ನೆಗಿಂತ ಬೇರೆ. ಮೂರು ವರ್ಷದ ಮಗುವಿನ ಮಾತಿನಲ್ಲಿ ಮುಕ್ಕಾಲು ಪಾಲು ಅಪರಿಚಿತರಿಗೂ ತಿಳಿಯಬೇಕು ಎಂಬುದು ಸಾಮಾನ್ಯ ಲೆಕ್ಕ. "ಕಾಗೆ"ಗೆ "ತಾಗೆ", "ಮರ"ಕ್ಕೆ "ಮಲ" ಎನ್ನುವುದು ಚಿಕ್ಕ ಮಕ್ಕಳಲ್ಲಿ ಸಹಜ, ರಕಾರ ಎಲ್ಲಕ್ಕಿಂತ ತಡವಾಗಿ ಕೂಡುವ ಅಕ್ಷರಗಳಲ್ಲೊಂದು. ನಾನು ನೋಡುವುದು ತಪ್ಪಿಗೆ ಒಂದು ಕ್ರಮವಿದೆಯೇ ಎಂದು. ಕ ಎಲ್ಲ ಕಡೆಯೂ ತ ಆಗುತ್ತಿದ್ದರೆ ಅದು ಕ್ರಮಬದ್ಧ. ನಾನೇ "ತಾಗೆ ಹಾರಿತು" ಎಂದಾಗ ಮಗು ಸಿಟ್ಟಿನಿಂದ "ತಾಗೆ ಅಲ್ಲ, ತಾಗೆ!" ಎಂದು ತಿದ್ದಿದರೆ ಸಂತೋಷಪಡುತ್ತೇನೆ. ಅದರ ಕಿವಿ ವ್ಯತ್ಯಾಸವನ್ನು ಹಿಡಿಯುತ್ತಿದೆ, ನಾಲಿಗೆ ಇನ್ನೂ ಆ ಜಾಗಕ್ಕೆ ಹೋಗುತ್ತಿಲ್ಲ, ಅಷ್ಟೇ. ಅದೇ ಪದವನ್ನು ಒಮ್ಮೆ "ತಾಗೆ", ಇನ್ನೊಮ್ಮೆ "ಗಾಪೆ", ಮತ್ತೊಮ್ಮೆ ಬರಿಯ "ಆಎ" ಎಂದು, ತುಟಿ ನಾಲಿಗೆಗಳು ಜಾಗ ಹುಡುಕುತ್ತಾ ತಡಕಾಡಿದರೆ ಬಾಯಿಯ ಚಲನೆಯನ್ನು ಯೋಜಿಸುವುದರಲ್ಲೇ ತೊಡಕಿರಬಹುದು. ಅದಕ್ಕೆ ಬೇರೆ ಚಿಕಿತ್ಸೆ. ಬಾಯಿಯೊಳಗೆ ಅಂಗುಳ, ಕಿರುನಾಲಿಗೆ, ಹಲ್ಲು, ನಾಲಿಗೆಯ ಚಲನೆಯನ್ನೂ ನೋಡುತ್ತೇವೆ. ಜೊಲ್ಲು ಸುರಿಯುವುದು, ರೊಟ್ಟಿ ಅಗಿಯಲು ಕಷ್ಟಪಡುವುದು ಇದ್ದರೆ ಹೇಳಿ. ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದ್ದರೆ ಕೆಲವು ಅಕ್ಷರಗಳಿಗೆ ತೊಂದರೆಯಾಗಬಹುದೇ ಹೊರತು ಪದಗಳೇ ಹುಟ್ಟದಿರುವುದಕ್ಕೆ ಅದು ಕಾರಣವಲ್ಲ. ಕತ್ತರಿಸಿದರೆ ಮಾತು ಬಂದುಬಿಡುತ್ತದೆ ಎಂದು ಯಾರಾದರೂ ಹೇಳಿದರೆ ಅವಸರಪಡಬೇಡಿ.

ಉಚ್ಚಾರಣೆಯ ಮಾತು ಬಂದಾಗ ನನ್ನ ಮೊದಲ ವರ್ಷಗಳ ತಪ್ಪೊಂದು ನೆನಪಾಗುತ್ತದೆ. ಮಂಡ್ಯದ ಕಡೆಯ ಹಳ್ಳಿಯ ಹುಡುಗನೊಬ್ಬ ಹಾಲಿಗೆ "ಆಲು", ಹಣ್ಣಿಗೆ "ಅಣ್ಣು" ಎಂದ. ಹಕಾರ ಬರುವುದಿಲ್ಲ ಎಂದು ಗುರುತು ಹಾಕಿಕೊಂಡೆ. ಆಮೇಲೆ ಅವನ ತಂದೆ ಒಳಗೆ ಬಂದು "ಬೆಳಗ್ಗೆ ಆಲು ಕುಡಿದಿದ್ದಾನೆ" ಎಂದರು. ಆ ಮಗು ತನ್ನ ಮನೆಯ ಕನ್ನಡವನ್ನು ತಪ್ಪಿಲ್ಲದೆ ಕಲಿತಿತ್ತು. ಅಂದಿನಿಂದ ಮಗುವಿನ ಬಾಯಿ ನೋಡುವ ಮೊದಲು ಹೆತ್ತವರನ್ನು ಐದು ನಿಮಿಷ ಮಾತನಾಡಿಸುತ್ತೇನೆ.

ಮಗ ಕರೆದರೆ ನೋಡುತ್ತಾನೆ, ಬೆರಳು ಮಾಡುತ್ತಾನೆ ಎಂಬುದು ಒಳ್ಳೆಯ ಲಕ್ಷಣ. ಇನ್ನೊಂದನ್ನು ಗಮನಿಸಿ: ಬೇಕಾದದ್ದಕ್ಕೆ ಮಾತ್ರ ಬೆರಳು ಮಾಡುತ್ತಾನೆಯೇ, ಅಥವಾ ಆಕಾಶದ ವಿಮಾನವನ್ನು ತೋರಿಸಿ ನಿಮ್ಮ ಮುಖವನ್ನೂ ನೋಡುತ್ತಾನೆಯೇ? ಎರಡನೆಯದರಲ್ಲಿ ಬೇಡಿಕೆಯಿಲ್ಲ, ಹಂಚಿಕೊಳ್ಳುವ ಆಸೆಯಿದೆ. ಅದು ಕಡಿಮೆಯಿದ್ದರೆ ಆಟಿಸಂನ ತಪಾಸಣೆಯೂ ಬೇಕಾಗುತ್ತದೆ. ಕಲಿತ ಪದಗಳನ್ನು ಮಗು ಕಳೆದುಕೊಳ್ಳುತ್ತಿದ್ದರೆ ಯಾವ ವಯಸ್ಸಿನಲ್ಲಾದರೂ ಕೂಡಲೇ ಮಕ್ಕಳ ವೈದ್ಯರನ್ನು ಕಾಣಬೇಕು.

ಕಿವಿ ಸರಿಯಿದ್ದು, ಆಟಿಸಂ, ಬುದ್ಧಿಯ ಬೆಳವಣಿಗೆಯ ಕೊರತೆ ಮುಂತಾದ ಯಾವ ಕಾರಣವೂ ಇಲ್ಲದೆ ಭಾಷೆಯೊಂದೇ ಹಿಂದುಳಿಯುವುದೂ ಉಂಟು. ಇಂಗ್ಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಶಾಲೆ ಸೇರಿದ ಮಕ್ಕಳಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಇಂಥ ತೊಂದರೆ ಕಂಡುಬಂದಿತ್ತು. ಇದಕ್ಕೆ ತಾಯಿ ಮಾತನಾಡಿಸದಿದ್ದುದು ಕಾರಣವಲ್ಲ. ಪತ್ರದಲ್ಲಿ ನೀವು ಹಾಗೆ ಬರೆದಿಲ್ಲ, ಆದರೆ ನಿಮ್ಮಂತೆ ಕೇಳುವ ತಾಯಂದಿರ ಮನಸ್ಸಿನಲ್ಲಿ ಆ ಮುಳ್ಳು ಇರುವುದನ್ನು ಕಂಡಿದ್ದೇನೆ. ಬಜೆಯ ವಿಷಯ: ಅತ್ತೆಯವರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ, ಆದರೆ ಬಜೆ ಕಿವಿಯ ನೀರನ್ನು ಇಳಿಸುವುದಿಲ್ಲ, ಪದಗಳನ್ನು ಕಲಿಸುವುದಿಲ್ಲ. ನೆಕ್ಕಿಸುವುದು ಬೇಡ.

ಎಲ್ಲಿಗೆ ಹೋಗಬೇಕು? ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವು ಕೊಡುವ ಕೇಂದ್ರ, ಡಿಇಐಸಿ) ಬಗ್ಗೆ ಮೊದಲು ವಿಚಾರಿಸಿ. ಸಂಪೂರ್ಣ ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಖಾಸಗಿಯಾಗಿ ಹೋದರೆ ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ವರದಿ ಕೈಗೆ ಬಂದಾಗ ನೋಡಬೇಕಾದದ್ದು: ಕಿವಿ ಪರೀಕ್ಷೆಯ ಫಲಿತಾಂಶ ಇದೆಯೇ, ಯಾವ ಭಾಷೆಗಳಲ್ಲಿ ನೋಡಿದರು ಎಂದು ಬರೆದಿದ್ದಾರೆಯೇ, ಅರ್ಥವಾಗುವುದನ್ನೂ ಆಡುವುದನ್ನೂ ಬೇರೆ ಬೇರೆಯಾಗಿ ಹೇಳಿದ್ದಾರೆಯೇ, ಮುಂದಿನ ಮೂರು ತಿಂಗಳಲ್ಲಿ ಏನನ್ನು ಕಲಿಸಬೇಕು ಎಂದಿದೆಯೇ. ಕೊನೆಯದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ತೊಂದರೆಗೆ ಹೆಸರು ಸಿಗುವವರೆಗೆ ಸ್ಪೀಚ್ ಥೆರಪಿಯನ್ನು ಕಾಯಿಸಬೇಕಾಗಿಲ್ಲ, ತಪಾಸಣೆಯ ಜೊತೆಜೊತೆಗೇ ಅದು ಶುರುವಾಗಬಹುದು.

ತಪಾಸಣೆಗೆ ಹೋಗುವುದಕ್ಕೆ ಮುಂಚಿನ ವಾರ ಅಡುಗೆಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಗ ಹೇಳಿದ ಪ್ರತಿ ಪದವನ್ನೂ ಹೇಳಿದ ಹಾಗೆಯೇ ಬರೆದು, ಪಕ್ಕದಲ್ಲಿ ಅರ್ಥ ಬರೆಯಿರಿ. ಸ್ನಾನ ಮಾಡಿಸುವಾಗ, ಊಟ ಮಾಡಿಸುವಾಗ, ಅವನೊಬ್ಬನೇ ಆಡುವಾಗ ಐದೈದು ನಿಮಿಷದ ವಿಡಿಯೊ ಮಾಡಿಕೊಳ್ಳಿ. ಹೊಸ ಕೋಣೆಯಲ್ಲಿ ಬಾಯಿಬಿಡದ ಮಗುವಿನ ನಿಜವಾದ ಮಾತು ಎಷ್ಟೋ ಸಲ ತಾಯಿಯ ಮೊಬೈಲಿನಲ್ಲಿಯೇ ನಮಗೆ ಸಿಕ್ಕಿದೆ. ನಿಮ್ಮ ಅತ್ತೆಯವರೂ ಜೊತೆಗೆ ಬರಲಿ. ಅವನ ಮರಾಠಿ ಪದಗಳ ಲೆಕ್ಕ ಇರುವುದು ಅವರೊಬ್ಬರ ಬಳಿ.